ತೊಟ್ಟಿ ಲೆಕ್ಕಕ್ಕೆ ಡೆಸಿಮೀಟರ್: ನನ್ನ ಅನುಭವ

ಆಯತಘನದ ಘನಫಲ ಉದ್ದ × ಅಗಲ × ಎತ್ತರ ಅಂತ ಎಂಟನೇ ತರಗತಿಯ ಯಾವ ಮಗುವಾದರೂ ಹೇಳುತ್ತದೆ. ಅದೇ ಮಗುವಿಗೆ 1.5 ಮೀ. ಉದ್ದ, 80 ಸೆಂ.ಮೀ. ಅಗಲ, 60 ಸೆಂ.ಮೀ. ಆಳದ ತೊಟ್ಟಿ ಎಷ್ಟು ಲೀಟರ್ ನೀರು ಹಿಡಿಯುತ್ತದೆ ಅಂತ ಕೇಳಿ ನೋಡಿ. ಕೆಲವರು 1.5 × 80 × 60 ಎಂದು ನೇರ ಗುಣಿಸಿ 7,200 ಬರೆಯುತ್ತಾರೆ. ಮೀಟರಿಗೆ ಬದಲಿಸಿಕೊಂಡವರು 0.72 ತನಕ ಸರಿಯಾಗಿಯೇ ಬಂದು, ಕೊನೆಗೆ 1,000ದ ಬದಲು 100ರಿಂದ ಗುಣಿಸಿ 72ಕ್ಕೆ ನಿಲ್ಲುತ್ತಾರೆ. ಸೆಂ.ಮೀ. ಹಿಡಿದವರು 7,20,000ದಲ್ಲಿ ಒಂದು ಸೊನ್ನೆ ಎಲ್ಲೋ ಬಿಟ್ಟಿರುತ್ತಾರೆ. ಸೂತ್ರದಲ್ಲಿ ತಪ್ಪಿಲ್ಲ. ತಪ್ಪೆಲ್ಲ ಮಾನ ಬದಲಿಸುವಲ್ಲಿ.

ಹಾಗಾಗಿ ಲೆಕ್ಕಕ್ಕೆ ಕೈ ಹಚ್ಚುವ ಮೊದಲೇ ಎಲ್ಲ ಅಳತೆಯನ್ನೂ ಡೆಸಿಮೀಟರಿಗೆ (ಅಂದರೆ 10 ಸೆಂ.ಮೀ.ಗೆ ಒಂದರಂತೆ) ತರಿಸಲು ಶುರು ಮಾಡಿದೆ. ಸೆಂ.ಮೀ. ಇದ್ದರೆ 10ರಿಂದ ಭಾಗಿಸು, ಮೀ. ಇದ್ದರೆ 10ರಿಂದ ಗುಣಿಸು. ಮೇಲಿನ ತೊಟ್ಟಿ 15, 8, 6 ಆಗುತ್ತದೆ. ಗುಣಿಸಿದರೆ 720. ಅದೇ ಲೀಟರ್. ಒಂದು ಘನ ಡೆಸಿಮೀಟರ್ ಅಂದರೆ ಒಂದು ಲೀಟರ್ ಆದ್ದರಿಂದ ಕೊನೆಯಲ್ಲಿ ಬದಲಿಸಲು ಏನೂ ಉಳಿಯುವುದಿಲ್ಲ.

ಸಹೋದ್ಯೋಗಿಗಳು ಒಪ್ಪಲಿಲ್ಲ. ಪರೀಕ್ಷೆಯಲ್ಲಿ ಡೆಸಿಮೀಟರ್ ಎಲ್ಲಿ ಬರುತ್ತದೆ, ಮೌಲ್ಯಮಾಪನದಲ್ಲಿ ಅಂಕ ಕಳೆಯುತ್ತಾರೆ ಎಂಬುದು ಅವರ ವಾದ. ಉತ್ತರದ ಮೊದಲ ಸಾಲಿನಲ್ಲೇ "10 ಸೆಂ.ಮೀ. = 1 ಡೆಸಿ.ಮೀ., 1 ಘನ ಡೆಸಿ.ಮೀ. = 1 ಲೀ." ಅಂತ ಬರೆದು ಮುಂದುವರಿದರೆ ಯಾವ ಹಂತವೂ ಬಿಟ್ಟುಹೋಗುವುದಿಲ್ಲ, ಅಂಕ ಕಳೆಯಲು ಕಾರಣವೂ ಇರುವುದಿಲ್ಲ. ಉತ್ತರವನ್ನು ಘನ ಮೀಟರಿನಲ್ಲೇ ಕೇಳಿದ್ದರೆ ಕೊನೆಯಲ್ಲಿ ಒಮ್ಮೆ 1,000ದಿಂದ ಭಾಗಿಸಿದರಾಯಿತು. ನಲವತ್ತು ಮಕ್ಕಳ ತರಗತಿಯಲ್ಲಿ ಇಂಥ ಲೆಕ್ಕ ಸರಿ ಮಾಡುತ್ತಿದ್ದವರು ಹತ್ತು ಹನ್ನೆರಡು ಜನ. ಎರಡು ವರ್ಷದಲ್ಲಿ ಅದು ಮೂವತ್ತು ದಾಟಿದೆ. ಅಂದು ಬೇಡ ಅಂದವರಲ್ಲಿ ಇಬ್ಬರು ಈಗ ಇದೇ ದಾರಿಯಲ್ಲಿ ಕಲಿಸುತ್ತಿದ್ದಾರೆ.

ಮಾದರಿ ಮಾಡುವುದರಲ್ಲಿ ದುಡ್ಡು ಹಾಳಾಯಿತು. ಲೀಟರ್ ಅಂದರೆ ಎಷ್ಟು ಅಂತ ಕಣ್ಣಿಗೆ ಕಾಣಲಿ ಎಂದು 3 ಮಿ.ಮೀ. ಅಕ್ರಿಲಿಕ್ ಹಾಳೆಯಲ್ಲಿ 10 ಸೆಂ.ಮೀ. ಘನದ ತೆರೆದ ಡಬ್ಬ ಮಾಡಿಸಿದೆ. ಹಾಳೆ, ಕಟಿಂಗ್, ಅಂಟು ಸೇರಿ ಸುಮಾರು 600 ರೂಪಾಯಿ. ಎರಡು ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಸುರಿದರೆ ತುಂಬಿ ಚೆಲ್ಲಿತು. ಅಂಗಡಿಯವನು 10 ಸೆಂ.ಮೀ.ಯನ್ನು ಹೊರ ಅಳತೆಯಾಗಿ ಹಿಡಿದಿದ್ದ. ಒಳಗೆ ಉಳಿದದ್ದು 9.4 × 9.4 × 9.7, ಅಂದರೆ 857 ಮಿ.ಲೀ. ಮಾತ್ರ. ಒಳಗೆ ಸರಿಯಾಗಿ 10 ಬರಬೇಕಾದರೆ ತಳಕ್ಕೆ 10.6 × 10.6, ಎರಡು ಗೋಡೆಗೆ 10.6 × 10, ಉಳಿದೆರಡಕ್ಕೆ 10 × 10 ಕತ್ತರಿಸಬೇಕು. ಗೋಡೆಗಳು ತಳದ ಮೇಲೆ ನಿಲ್ಲಬೇಕು, ಪಕ್ಕಕ್ಕಲ್ಲ. ಸಂದಿಗೆ ಸಿಲಿಕೋನ್ ಹಚ್ಚಿ ಪೂರ್ತಿ ಒಂದು ದಿನ ಮುಟ್ಟಬಾರದು. ನಾಲ್ಕು ಗಂಟೆಗೇ ನೀರು ಹಾಕಿದರೆ ಮೂಲೆಯಲ್ಲಿ ಸೋರುತ್ತದೆ. ಆ ಹಾಳಾದ ಡಬ್ಬವನ್ನು ಎಸೆಯಲಿಲ್ಲ. ದಪ್ಪದ ಲೆಕ್ಕ ಕಲಿಸಲು ಅದಕ್ಕಿಂತ ಒಳ್ಳೆಯ ವಸ್ತು ಇಲ್ಲ.

ದಪ್ಪದ ಲೆಕ್ಕ ಅಂದರೆ ಇದು: 2 ಸೆಂ.ಮೀ. ದಪ್ಪದ ಹಲಗೆಯ ಪೆಟ್ಟಿಗೆ, ಹೊರ ಅಳತೆ 54 × 44 × 32 ಸೆಂ.ಮೀ. ಉದ್ದ, ಅಗಲ ಎರಡರಲ್ಲೂ ಎರಡು ಬದಿಯ ದಪ್ಪ, ಅಂದರೆ 4 ಕಳೆಯಬೇಕು. ಮಕ್ಕಳು 2 ಮಾತ್ರ ಕಳೆಯುತ್ತಾರೆ. ಎತ್ತರಕ್ಕೆ ಬಂದಾಗ ಮುಚ್ಚಳ ಇದೆಯೋ ಇಲ್ಲವೋ ನೋಡಬೇಕು. ಇಲ್ಲದಿದ್ದರೆ 5 × 4 × 3 = 60 ಲೀ., ಇದ್ದರೆ 5 × 4 × 2.8 = 56 ಲೀ. ಒಂದೇ ಪದಕ್ಕೆ 4 ಲೀಟರ್ ವ್ಯತ್ಯಾಸ. ಪ್ರಶ್ನೆ ಓದುವಾಗ ಯಾವ ಪದದ ಕೆಳಗೆ ಯಾವ ಬಣ್ಣದ ಗೆರೆ ಎಳೆಯಬೇಕು ಅನ್ನುವುದಕ್ಕೆ ನನ್ನದೊಂದು ಪಟ್ಟಿ ಇದೆ. ಅದನ್ನು ಸದ್ಯಕ್ಕೆ ನನ್ನ ತರಗತಿಗೇ ಇಟ್ಟುಕೊಳ್ಳುತ್ತೇನೆ.

ಅಕ್ರಿಲಿಕ್‌ಗಿಂತ ಅಗ್ಗದ್ದೂ ಒಳ್ಳೆಯದೂ ಆದದ್ದು ಬಿಸಿಯೂಟದ ಅಡುಗೆಮನೆಯಲ್ಲೇ ಇತ್ತು: 15 ಕೆ.ಜಿ. ಎಣ್ಣೆಯ ಚೌಕ ಡಬ್ಬ. ಗುಜರಿಯಲ್ಲೂ 40-50 ರೂಪಾಯಿಗೆ ಸಿಗುತ್ತದೆ. ಮೇಲಿನ ತಗಡು ಕತ್ತರಿಸಿ, ಅಂಚನ್ನು ಒಳಕ್ಕೆ ಮಡಚಿ ಸುತ್ತಿಗೆಯಿಂದ ಬಡಿಯಬೇಕು, ಇಲ್ಲದಿದ್ದರೆ ಕೈ ಕೊಯ್ಯುತ್ತದೆ. ನಮ್ಮದರ ಒಳ ಅಳತೆ ಹೆಚ್ಚುಕಡಿಮೆ 23 × 23 × 34 ಸೆಂ.ಮೀ. ಇತ್ತು. 2.3 × 2.3 × 3.4, ಸುಮಾರು 18 ಲೀಟರ್. ಹದಿನೈದು ಕೆ.ಜಿ. ಡಬ್ಬದಲ್ಲಿ ಹದಿನೆಂಟು ಲೀಟರ್ ಹೇಗೆ ಅಂತ ಮಕ್ಕಳೇ ಕೇಳುತ್ತಾರೆ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ, ಆದ್ದರಿಂದ 15 ಕೆ.ಜಿ. ಎಣ್ಣೆ ಹದಿನಾರೂವರೆ ಲೀಟರ್ ಜಾಗ ಹಿಡಿಯುತ್ತದೆ, ಮೇಲೆ ಸ್ವಲ್ಪ ಖಾಲಿ ಬಿಟ್ಟಿರುತ್ತಾರೆ. ತಗಡಿನಲ್ಲಿ ಉಬ್ಬುಗೆರೆ ಇರುವುದರಿಂದ ನೀರು ಅಳೆದರೆ ಅರ್ಧ ಲೀಟರ್ ಆಚೆ ಈಚೆ ಬರುತ್ತದೆ. ಅದು ತಪ್ಪಲ್ಲ, ಹಾಗೇ ಬರೆಯಿಸಿ.

ಈಗ ಈ ವಿಧಾನದ ಮುಖ್ಯ ಭಾಗ: ಪದರ. ತಳದ ಉದ್ದ, ಅಗಲ ಗುಣಿಸಿ ಅಲ್ಲೇ ನಿಲ್ಲಿಸಬೇಕು. 15 × 8 = 120. ಅಂದರೆ ಆ ತೊಟ್ಟಿಯಲ್ಲಿ 10 ಸೆಂ.ಮೀ. ಎತ್ತರದ ಒಂದು ಪದರಕ್ಕೆ 120 ಲೀಟರ್. ಪುಸ್ತಕದ ಮುಕ್ಕಾಲು ಪಾಲು ಲೆಕ್ಕ ಇದರಲ್ಲೇ ಬಗೆಹರಿಯುತ್ತದೆ. ಮೇಲಂಚಿನಿಂದ 12 ಸೆಂ.ಮೀ. ಖಾಲಿ ಇದ್ದರೆ ನೀರಿರುವುದು 4.8 ಪದರ, 576 ಲೀ. ಮೂವತ್ತು ಲೀಟರ್ ತೆಗೆದರೆ ಮಟ್ಟ ಎಷ್ಟು ಇಳಿಯುತ್ತದೆ? 30 ÷ 120 = 0.25 ಡೆಸಿ.ಮೀ., ಎರಡೂವರೆ ಸೆಂ.ಮೀ. ನಿಮಿಷಕ್ಕೆ 12 ಲೀಟರ್ ಸುರಿಸುವ ನಲ್ಲಿಯಾದರೆ ಒಂದು ಪದರಕ್ಕೆ 10 ನಿಮಿಷ, ಖಾಲಿ ತೊಟ್ಟಿ ಪೂರ್ತಿ ತುಂಬಲು 60 ನಿಮಿಷ.

ಕಲ್ಲು ಮುಳುಗಿಸುವ ಲೆಕ್ಕದಲ್ಲಿ ಎಲ್ಲರೂ ಎಡವುತ್ತಾರೆ. ಮೊದಲು ಇಟ್ಟಿಗೆ ಹಾಕಿ ತೋರಿಸಿದ್ದು ತಪ್ಪಾಯಿತು. ಒಣ ಇಟ್ಟಿಗೆ ಗುಳ್ಳೆ ಬಿಡುತ್ತಾ ನೀರು ಕುಡಿಯುತ್ತದೆ, ಏರಿದ ಮಟ್ಟ ನೋಡನೋಡುತ್ತಲೇ ಇಳಿಯುತ್ತದೆ. ಹಿಂದಿನ ರಾತ್ರಿಯೇ ನೆನೆಸಿಟ್ಟರೆ ಸರಿ. ನಾನು ಕಡಪ ಕಲ್ಲಿಗೆ ಬದಲಿಸಿದೆ. 10 × 10 × 2 ಸೆಂ.ಮೀ. ತುಂಡು ಒಂದಕ್ಕೆ 200 ಮಿ.ಲೀ., ಐದು ಸೇರಿದರೆ ಒಂದು ಲೀಟರ್. ತಳ 30 × 20 ಸೆಂ.ಮೀ. ಇರುವ ಮೀನಿನ ಗಾಜಿನ ತೊಟ್ಟಿಯಲ್ಲಿ (350 ರೂಪಾಯಿ ಇರಬೇಕು) ಪದರಕ್ಕೆ 6 ಲೀಟರ್. ಐದು ತುಂಡು ಹಾಕಿದರೆ ಮಟ್ಟ ಆರನೇ ಒಂದು ಡೆಸಿ.ಮೀ., ಸುಮಾರು 1.7 ಸೆಂ.ಮೀ. ಏರುತ್ತದೆ. ಸ್ಕೇಲಿನಲ್ಲಿ ಹಾಗೇ ಕಾಣುತ್ತದೆ.

ಕಲ್ಲು ಪೂರ್ತಿ ಮುಳುಗದಿದ್ದರೆ ಬೇರೆ ಮಾತು. ಅದೇ ತೊಟ್ಟಿಯಲ್ಲಿ 10 ಸೆಂ.ಮೀ. ನೀರಿದೆ, 10 × 10 × 30 ಸೆಂ.ಮೀ. ಕಂಬವೊಂದನ್ನು ನೆಟ್ಟಗೆ ನಿಲ್ಲಿಸಿದೆವು ಅನ್ನಿ. ಬಹುತೇಕ ಮಕ್ಕಳು (ಕೆಲವು ಗೈಡುಗಳೂ) ಕಂಬದ ಘನಫಲ 3 ಲೀಟರ್, 3 ÷ 6, ಆದ್ದರಿಂದ 5 ಸೆಂ.ಮೀ. ಏರಿಕೆ ಅನ್ನುತ್ತಾರೆ. ಆದರೆ ಕಂಬದ ಬಹುಪಾಲು ಗಾಳಿಯಲ್ಲಿದೆ. ಪದರ ಹಿಡಿದು ನೋಡಿ: ತಳ 6, ಅದರಲ್ಲಿ ಕಂಬ 1 ನುಂಗಿತು, ನೀರಿಗೆ ಉಳಿದದ್ದು 5. ನೀರು 6 ಲೀಟರ್. 6 ÷ 5 = 1.2, ಅಂದರೆ ಈಗಿನ ಮಟ್ಟ 12 ಸೆಂ.ಮೀ. ಏರಿದ್ದು ಎರಡೇ. ಬಂದ ಮಟ್ಟ ಕಂಬಕ್ಕಿಂತ ಕಡಿಮೆ ಇದೆಯೇ ಅಂತ ಕೊನೆಗೆ ನೋಡಲೇಬೇಕು. 12 ಇರುವುದು 30ಕ್ಕಿಂತ ಕೆಳಗೆ, ಹಾಗಾಗಿ ಸರಿ. ಮಟ್ಟ ಕಂಬವನ್ನು ದಾಟಿದ್ದರೆ ಮೊದಲಿನ ರೀತಿಯೇ ಸರಿ.

ದೊಡ್ಡ ಅಳತೆಗೆ ಈ ವಿಧಾನ ಬೇಡ. ಇಪ್ಪತ್ತು ಮೀಟರಿನ ಟ್ಯಾಂಕು, ಗಂಟೆಗೆ ಇಷ್ಟು ಕಿ.ಮೀ. ಹರಿಯುವ ಕಾಲುವೆ ಇವೆಲ್ಲ ಮೀಟರಿನಲ್ಲೇ ಇರಲಿ. ಡೆಸಿಮೀಟರಿಗೆ ತಂದರೆ ಮತ್ತೆ ಸೊನ್ನೆಗಳ ಕಾಟ.

ಮನೆಯ ನೀರಿನ ಸಂಪ್‌ಗೆ ಮಾತ್ರ ಪದರವನ್ನು ಅಡಿ ಲೆಕ್ಕದಲ್ಲೇ ಮಾಡಿ ನೋಡಿದೆ, ಮೇಸ್ತ್ರಿಗಳ ಅಳತೆ ಅಡಿಯಲ್ಲೇ ಇರುವುದರಿಂದ. ಒಳ ಅಳತೆ 8 × 6 ಅಡಿ, ಆಳ 5 ಅಡಿ. ಒಂದು ಘನ ಅಡಿಗೆ 28.3 ಲೀಟರ್. ತಳ 48 ಚದರ ಅಡಿ, ಆದ್ದರಿಂದ ಒಂದು ಇಂಚಿನ ಪದರ 4 ಘನ ಅಡಿ, ಸುಮಾರು 113 ಲೀಟರ್. ಅಳತೆಯನ್ನು ಗಾರೆ ಆದ ಮೇಲೆ ತೆಗೆದುಕೊಳ್ಳಬೇಕು, ಅಗೆದ ಗುಂಡಿಯ ಅಳತೆ ಲೆಕ್ಕಕ್ಕೆ ಬರುವುದಿಲ್ಲ. ತಳ ಒಂದು ಮೂಲೆಗೆ ಇಳಿಜಾರಾಗಿದ್ದರೆ ನಾಲ್ಕೈದು ಕಡೆ ಆಳ ನೋಡಿ ಸರಾಸರಿ ಹಿಡಿಯಬೇಕು. ಗುಂಡಿಯ ಲೆಕ್ಕಕ್ಕೆ ಭಾಸ್ಕರಾಚಾರ್ಯರು ಹನ್ನೆರಡನೇ ಶತಮಾನದಲ್ಲಿ ಹೇಳಿದ್ದೂ ಇದನ್ನೇ.

ಓವರ್‌ಫ್ಲೋ ಪೈಪು ಮೇಲಿನಿಂದ 6 ಇಂಚು ಕೆಳಗಿದೆ, ಹಾಗಾಗಿ ನೀರು ನಿಲ್ಲುವುದು 54 ಇಂಚು. 6,000 ಲೀಟರಿನ ಟ್ಯಾಂಕರಿಗೆ 53 ಇಂಚು ಜಾಗ ಬೇಕು. ತಳದಲ್ಲಿ 10 ಇಂಚು ನೀರಿರುವಾಗಲೇ ಕರೆಸಿದರೆ ಹಿಡಿಯುವುದು 44 ಇಂಚು, ಸುಮಾರು 5,000 ಲೀಟರ್. ದುಡ್ಡು ಕೊಟ್ಟ ಸಾವಿರ ಲೀಟರ್ ಚರಂಡಿಗೆ. ಬಿದಿರಿನ ಕೋಲಿಗೆ ಇಂಚಿಂಚಿಗೂ ಗುರುತು ಹಾಕಿ ಸಂಪಿನ ಮುಚ್ಚಳದ ಪಕ್ಕ ಇಟ್ಟಿದ್ದೇನೆ. ಕೋಲು ಒಂದು ಇಂಚಿಗಿಂತ ಹೆಚ್ಚು ಒದ್ದೆಯಾದರೆ ಟ್ಯಾಂಕರ್ ಕರೆಸುವುದಿಲ್ಲ.