ಡಿಸ್ಕ್ ಕೆಲಸ ಮುಗಿಸಿದೆ, ಡ್ರೈವರ್‌ಗೆ ಸುದ್ದಿ ಮುಟ್ಟಿಲ್ಲ

ಸ್ವಂತ ಆಪರೇಟಿಂಗ್ ಸಿಸ್ಟಮ್ ಬರೆಯುವ ಹುಡುಗ ಹುಡುಗಿಯರಿಂದ ನಾನು ಪದೇ ಪದೇ ಕೇಳುವ ದೂರು ಇದು: ಡಿಸ್ಕಿನಿಂದ ಹತ್ತು ಸೆಕ್ಟರ್ (ಡೇಟಾದ ತುಣುಕು) ಚೆನ್ನಾಗಿ ಬಂತು, ಹನ್ನೊಂದನೆಯದಕ್ಕೆ ಟೈಮ್‌ಔಟ್, ಅಂದರೆ ಕಾಯುವ ಗಡುವು ಮೀರಿತು. ಕೂಡಲೇ 1 ಸೆಕೆಂಡ್ ಇದ್ದ ಗಡುವನ್ನು 10 ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಡಿಸ್ಕ್ ತನ್ನ ಕಡೆಯಿಂದ ಸಿಪಿಯುಗೆ ಕೊಡುವ ಕರೆಯೇ ಇಂಟರಪ್ಟ್. ಕಳೆದುಹೋದ ಇಂಟರಪ್ಟ್ ಎಷ್ಟು ಕಾದರೂ ಬರುವುದಿಲ್ಲ.

ಇಲ್ಲಿ ಹೇಳುವುದು ಹಳೆಯ ಐಡಿಇ ಬಗೆಯ ಡಿಸ್ಕನ್ನು ನಡೆಸುವ ಕೋಡ್, ಅಂದರೆ ಡ್ರೈವರ್ ಬಗ್ಗೆ. ಪಿಸಿಯಲ್ಲಿ ಕಲಿಯುವವರು ಹೆಚ್ಚಾಗಿ ಶುರು ಮಾಡುವುದೇ ಇದರಿಂದ. ಮೊದಲು ಕ್ಯೂಎಮು ಎಮ್ಯುಲೇಟರಿನಲ್ಲೇ (ಸಾಫ್ಟ್‌ವೇರ್ ರೂಪದ ನಕಲಿ ಕಂಪ್ಯೂಟರ್) ಓಡಿಸಿ. ಹಳೇ ಡಿಸ್ಕಿಗೆ ಯುಎಸ್‌ಬಿ ಅಡಾಪ್ಟರ್ ಹಾಕಿ ಪರೀಕ್ಷಿಸಲು ಹೊರಟರೆ ದುಡ್ಡು ದಂಡ. ಕಂಪ್ಯೂಟರಿಗೆ ಅದು ಯುಎಸ್‌ಬಿ ಸಾಧನವಾಗಿ ಕಾಣುತ್ತದೆ, ನಿಮ್ಮ ಐಡಿಇ ಪೋರ್ಟುಗಳಲ್ಲಿ (ಸಿಪಿಯು ಡಿಸ್ಕಿನ ಜೊತೆ ಮಾತಾಡುವ ವಿಳಾಸಗಳು) ಏನೂ ಇರುವುದಿಲ್ಲ.

ಮೊದಲ ಹೆಜ್ಜೆ: ಟೈಮ್‌ಔಟ್ ಆದ ಕ್ಷಣದಲ್ಲಿ ಡಿಸ್ಕಿನ ಸ್ಟೇಟಸ್ ಓದಿ. ಹೆಕ್ಸ್ 1ಎಫ್7 ಪೋರ್ಟಿನಿಂದ ಬೇಡ, 3ಎಫ್6ರಿಂದ ಓದಿ. ಎರಡೂ ಒಂದೇ ಮಾಹಿತಿ ಕೊಡುತ್ತವೆ, ಆದರೆ 1ಎಫ್7 ಓದಿದರೆ ಬಾಕಿ ಇದ್ದ ಇಂಟರಪ್ಟ್ ಅಳಿಸಿಹೋಗುತ್ತದೆ. ಸಾಕ್ಷಿಯನ್ನು ನೀವೇ ನಾಶ ಮಾಡಿದಂತೆ. ಹೆಕ್ಸ್ 50 ಬಂದರೆ ಡಿಸ್ಕ್ ಕೆಲಸ ಮುಗಿಸಿ ಸುಮ್ನೆ ಕೂತಿದೆ. 58 ಬಂದರೆ ಡೇಟಾ ಕೈಯಲ್ಲಿ ಹಿಡಿದು ನಿಮಗಾಗಿ ಕಾಯುತ್ತಿದೆ. ಡಿ0 ಅಂದರೆ ನಿಜಕ್ಕೂ ಇನ್ನೂ ಬ್ಯುಸಿ. ಎಫ್‌ಎಫ್ ಅಂದರೆ ಅಲ್ಲಿ ಡಿಸ್ಕೇ ಇಲ್ಲ. 51 ಬಂದರೆ 1ಎಫ್1ರಲ್ಲಿರುವ ಎರರ್ ಓದಿ. ಈ ಲೇಖನ ಮುಖ್ಯವಾಗಿ 50 ಮತ್ತು 58 ಕಂಡವರಿಗೆ.

ಎರಡನೆಯದು: ಇಂಟರಪ್ಟ್ ಬಂದಾಗ ಓಡುವ ಫಂಕ್ಷನ್, ಅಂದರೆ ಹ್ಯಾಂಡ್ಲರ್ ಒಳಗೆ ಒಂದು ಕೌಂಟರ್ ಇಡಿ. ಕಾಯುತ್ತಿದ್ದ ಇಂಟರಪ್ಟಿಗೂ ಕೌಂಟರ್ ಏರಿದ್ದರೆ ನೇರ ನಾಲ್ಕನೆಯ ಹೆಜ್ಜೆಗೆ ಹೋಗಿ. ಏರದಿದ್ದರೆ ಮೂರನೆಯದು ನಿಮಗೆ.

ಮೂರನೆಯದು, ದಾರಿ ನೋಡುವುದು. ಐಡಿಇಯ ಮೊದಲ ಚಾನೆಲ್ ಐಆರ್‌ಕ್ಯೂ 14, ಅಂದರೆ 14ನೇ ಇಂಟರಪ್ಟ್ ಗೆರೆ. ಅದು ಎರಡನೇ 8259 ಚಿಪ್ಪಿಗೆ (ಇಂಟರಪ್ಟುಗಳನ್ನು ಸಿಪಿಯುಗೆ ದಾಟಿಸುವ ಚಿಪ್) ಸೇರಿದ್ದು, ಮೊದಲ ಚಿಪ್ಪಿನ 2ನೇ ಗೆರೆಯ ಮೂಲಕ ಸಿಪಿಯು ತಲುಪುತ್ತದೆ. 14 ತೆರೆದು 2 ತೆರೆಯಲು ಮರೆತವರು ಬೇಕಾದಷ್ಟು ಜನ. ಕೆಲಸ ಮುಗಿದ ಸೂಚನೆಯನ್ನೂ ಎರಡೂ ಚಿಪ್ಪಿಗೆ ಕಳಿಸಬೇಕು, ಇಲ್ಲವಾದರೆ ಮೊದಲ ಇಂಟರಪ್ಟ್ ಬಂದು ಅಲ್ಲಿಗೇ ನಿಲ್ಲುತ್ತದೆ. ಹ್ಯಾಂಡ್ಲರ್ ಒಳಗೆ 1ಎಫ್7 ಓದಲೇಬೇಕು. ಓದದಿದ್ದರೆ ಡಿಸ್ಕಿನ ಗೆರೆ ಮೇಲೇ ಉಳಿಯುತ್ತದೆ. ಗೆರೆ ಕೆಳಗಿಂದ ಮೇಲಕ್ಕೆ ಏರುವುದನ್ನು ಮಾತ್ರ ಚಿಪ್ ಗಮನಿಸುತ್ತದೆ, ಹಾಗಾಗಿ ಮುಂದಿನದು ಕಾಣುವುದೇ ಇಲ್ಲ. ಕ್ಯೂಎಮು ಮಾನಿಟರಿನಲ್ಲಿ ‘ಇನ್ಫೋ ಪಿಕ್’ ಕೊಟ್ಟರೆ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ತಿಳಿಯುತ್ತದೆ.

ನಾಲ್ಕನೆಯದು ನಿಜವಾದ ಗಂಟು. ಜಾಸ್ತಿ ಜನ ಎಡವುವುದು ಇಲ್ಲೇ. ಅವರ ಕೋಡ್ ಹೀಗಿರುತ್ತದೆ: ಕಮಾಂಡ್ ಬರೆ, ‘ಮುಗಿಯಿತು’ ಫ್ಲಾಗನ್ನು (ಗುರುತಿನ ವೇರಿಯೆಬಲ್) ಸೊನ್ನೆ ಮಾಡು, ಮಲಗು, ಅಂದರೆ ಎಬ್ಬಿಸುವವರೆಗೆ ಸುಮ್ಮನಿರು. ಕಮಾಂಡ್ ಬರೆದ ಮರುಕ್ಷಣವೇ ಇಂಟರಪ್ಟ್ ಬಂತು ಅನ್ನಿ. ಹ್ಯಾಂಡ್ಲರ್ ಫ್ಲಾಗನ್ನು 1 ಮಾಡಿತು. ನೀವು ಬಂದು ಸೊನ್ನೆ ಮಾಡಿದಿರಿ. ಬಂದ ಪತ್ರವನ್ನು ಓದದೆ ಹರಿದಂತಾಯಿತು, ಅಲ್ವಾ? ಫ್ಲಾಗ್ ಸೊನ್ನೆ ಮಾಡುವುದು ಕಮಾಂಡಿಗಿಂತ ಮೊದಲು, ಯಾವಾಗಲೂ.

ಇಷ್ಟು ಸರಿಮಾಡಿದರೂ ಇನ್ನೊಂದು ತೂತು ಉಳಿಯುತ್ತದೆ. ಫ್ಲಾಗ್ ನೋಡಿದಿರಿ, ಸೊನ್ನೆ ಇತ್ತು. ಮಲಗಬೇಕು ಅನ್ನುವಷ್ಟರಲ್ಲಿ ಇಂಟರಪ್ಟ್ ಬಂತು. ಹ್ಯಾಂಡ್ಲರ್ ಎಬ್ಬಿಸಲು ನೋಡಿದರೆ ಯಾರೂ ಮಲಗಿಲ್ಲ. ಅದು ಹೋದ ಮೇಲೆ ನೀವು ಮಲಗಿದಿರಿ, ಇನ್ನು ಎಬ್ಬಿಸುವವರಿಲ್ಲ. ಹಾಗಾಗಿ ನೋಡುವುದು ಮತ್ತು ಮಲಗುವುದರ ಮಧ್ಯೆ ಇಂಟರಪ್ಟ್ ನುಗ್ಗಬಾರದು. ಒಂದೇ ಸಿಪಿಯು ಇದ್ದರೆ ಸಿಎಲ್‌ಐ (ಇಂಟರಪ್ಟ್ ತಡೆಯುವ ಆದೇಶ) ಹಾಕಿ, ಫ್ಲಾಗ್ ನೋಡಿ, ಸೊನ್ನೆ ಇದ್ದರೆ ಎಸ್‌ಟಿಐ (ಮತ್ತೆ ಬಿಡುವ ಆದೇಶ), ಅದರ ಬೆನ್ನಿಗೇ ಎಚ್‌ಎಲ್‌ಟಿ (ಇಂಟರಪ್ಟ್ ಬರುವವರೆಗೆ ಸಿಪಿಯು ನಿಲ್ಲಿಸುವ ಆದೇಶ). ಎದ್ದ ಮೇಲೆ ಮತ್ತೆ ಸಿಎಲ್‌ಐಯಿಂದ ಶುರು. ಎಸ್‌ಟಿಐ ಪರಿಣಾಮ ಅದರ ಮುಂದಿನ ಒಂದು ಆದೇಶ ಮುಗಿಯುವವರೆಗೆ ತಡವಾಗುತ್ತದೆ, ಆದ್ದರಿಂದ ಇವೆರಡರ ನಡುವೆ ಏನೂ ನುಸುಳಲಾರದು. ನಡುವೆ ಬೇರೆ ಒಂದು ಸಾಲನ್ನೂ ಸೇರಿಸಬೇಡಿ. ಒಂದಕ್ಕಿಂತ ಹೆಚ್ಚು ಸಿಪಿಯು ಇದ್ದರೆ ಇದು ಸಾಲದು, ಸ್ಪಿನ್‌ಲಾಕ್ (ಒಂದು ಸಿಪಿಯು ಮುಗಿಸುವವರೆಗೆ ಇನ್ನೊಂದನ್ನು ಕಾಯಿಸುವ ಬೀಗ) ಬೇಕು. ಎಂಐಟಿ ಕಲಿಕೆಗಾಗಿ ಬರೆದ ಚಿಕ್ಕ ಆಪರೇಟಿಂಗ್ ಸಿಸ್ಟಮ್ ಎಕ್ಸ್‌ವಿ6ನಲ್ಲಿ ಮಲಗಿಸುವ ಫಂಕ್ಷನ್ನಿಗೆ ಲಾಕನ್ನೂ ಕೊಡುತ್ತಾರೆ, ಒಮ್ಮೆ ಓದಿ ನೋಡಿ.

ಒಬ್ಬ ವಿದ್ಯಾರ್ಥಿನಿ ಇದೇ ತೂತಿನಲ್ಲಿ ಮೂರು ದಿನ ಒದ್ದಾಡಿದಳು. ಪ್ರಿಂಟ್ ಹಾಕಿದರೆ ತಪ್ಪು ಮಾಯ, ತೆಗೆದರೆ ಮತ್ತೆ ಹಾಜರ್. ಕಾರಣ ಸರಳ. 115200 ಬಾಡ್ ಸೀರಿಯಲ್ ಪೋರ್ಟಿನಲ್ಲಿ 40 ಅಕ್ಷರ ಹೋಗಲು ಸುಮಾರು 3.5 ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ ಇಂಟರಪ್ಟ್ ಬಂದು ಫ್ಲಾಗ್ 1 ಆಗಿರುತ್ತಿತ್ತು, ಮಲಗುವ ಪ್ರಮೇಯವೇ ಬರುತ್ತಿರಲಿಲ್ಲ. ಪ್ರಿಂಟ್ ಬಿಟ್ಟು ಮೆಮೊರಿಯಲ್ಲಿ ಒಂದು ಚಿಕ್ಕ ರಿಂಗ್ ಬಫರ್ (ತುಂಬಿದರೆ ಮತ್ತೆ ಮೊದಲಿನಿಂದ ಬರೆಯುವ ಜಾಗ) ಇಟ್ಟು ಅದರಲ್ಲಿ ಬರೆಯಿರಿ. ಕೊನೆಗೆ ಅವಳು ತಪ್ಪು ಹಿಡಿದದ್ದು ನೋಟ್‌ಬುಕ್ಕಿನಲ್ಲಿ ಎರಡು ಕಾಲಮ್ ಎಳೆದು, ಒಂದರಲ್ಲಿ ಡ್ರೈವರ್, ಇನ್ನೊಂದರಲ್ಲಿ ಹ್ಯಾಂಡ್ಲರ್ ಬರೆದಾಗ.

ಬರೆಯುವ ಕಮಾಂಡಿನಲ್ಲಿ ಮೊದಲ ಸೆಕ್ಟರ್ ಕೊಡುವ ಮುನ್ನ ಇಂಟರಪ್ಟ್ ಬರುವುದಿಲ್ಲ. ಅಲ್ಲಿ ಸ್ಟೇಟಸ್ ನೋಡುತ್ತಾ ಕಾಯಬೇಕು, ಮಲಗಬಾರದು.

ಇನ್ನು ಗಡುವು. ಅದನ್ನು ಹೆಚ್ಚಿಸುವುದು ಕಳೆದುಹೋದ ಇಂಟರಪ್ಟಿಗೆ ಮದ್ದಲ್ಲ, ಆದರೆ ತೀರಾ ಚಿಕ್ಕದೂ ಇರಬಾರದು. ನಿಂತ ಡಿಸ್ಕ್ ತಿರುಗಲು ಕೆಲವು ಸೆಕೆಂಡ್ ಹಿಡಿಯುತ್ತದೆ. ಲಿನಕ್ಸ್ ಡಿಸ್ಕುಗಳಿಗೆ ಸಾಮಾನ್ಯವಾಗಿ 30 ಸೆಕೆಂಡ್ ಕೊಡುತ್ತದೆ, ನೀವೂ ಅಷ್ಟೇ ಕೊಡಿ. ಟೈಮ್‌ಔಟ್ ಆದರೆ ರೀಸೆಟ್ ಮಾಡದೆ ಮುಂದಿನ ಕಮಾಂಡ್ ಕಳಿಸಬೇಡಿ. ತಡವಾಗಿ ಬಂದ ಹಳೇ ಇಂಟರಪ್ಟ್ ಹೊಸ ಕಮಾಂಡಿನ ಲೆಕ್ಕಕ್ಕೆ ಸೇರಿ, ಬಫರಿನಲ್ಲಿ ಕಸ ತುಂಬುತ್ತದೆ.

ಎಲ್ಲಾ ಆದ ಮೇಲೆ ಒಂದೊಂದೇ ಸೆಕ್ಟರ್ ಓದುವುದನ್ನು 1 ಲಕ್ಷ ಸಲ ಓಡಿಸಿ. ಕಮಾಂಡ್ ಎಣಿಕೆ, ಹ್ಯಾಂಡ್ಲರ್ ಎಣಿಕೆ ಎರಡೂ ಒಂದೇ ಇರಬೇಕು, ಟೈಮ್‌ಔಟ್ ಸೊನ್ನೆ ಇರಬೇಕು. ಎಣಿಕೆ ಸರಿಯಿದ್ದೂ ಒಂದೇ ಒಂದು ಟೈಮ್‌ಔಟ್ ಕಂಡರೆ, ಮತ್ತೆ ಆ ಎರಡು ಕಾಲಮ್ ಎಳೆಯಿರಿ.