ಪುಟಾಣಿ ಪದ್ಮಿನಿಗೆ ಎಷ್ಟು ದೊಡ್ಡ ಚಕ್ರ?

ಮುಂಬಯಿಯ ಕೊನೆಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ ತಾಡದೇವ್ ಆರ್‌ಟಿಒದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ನಗರದಲ್ಲಿ ಟ್ಯಾಕ್ಸಿಗಳಿಗೆ ಇಪ್ಪತ್ತು ವರ್ಷಗಳ ವಯೋಮಿತಿ ಇರುವುದರಿಂದ 2023ರ ಅಕ್ಟೋಬರ್ 30ಕ್ಕೆ ಅದರ ಲೆಕ್ಕ ಚುಕ್ತಾ ಆಯಿತು. ಕುರ್ಲಾದಲ್ಲಿ ಹುಟ್ಟಿ ಕೊಲಾಬಾದಿಂದ ದಹಿಸರ್‌ವರೆಗೆ ಓಡಿದ ಆ ಕಪ್ಪು-ಹಳದಿ ಕಾಲಿ-ಪೀಲಿಯನ್ನು ಇನ್ನು ಕಣ್ಣೆದುರು ಇರಿಸಿಕೊಳ್ಳಬೇಕೆಂದರೆ ಪುಟ್ಟ ಮಾದರಿ ಕಾರಾಗಿ ಶೋಕೇಸಿನ ಗಾಜಿನ ಹಿಂದೆ ಇರಿಸಿಕೊಳ್ಳಬೇಕು. ಹಾಗೆ ಇರಿಸಿಕೊಂಡವರ ಮನೆಗೆ ಹೋದಾಗ ಒಂದು ವಿಷಯ ಎದ್ದು ಕಾಣುತ್ತದೆ. ಹಳದಿ ಛಾವಣಿ ಸರಿಯಾಗಿರುತ್ತದೆ, ಹೊರಗೆ ಕೂತ ಮೀಟರ್ ಸರಿಯಾಗಿರುತ್ತದೆ, ಮೇಲಿನ ಕ್ಯಾರಿಯರ್ ಕೂಡ ಸರಿಯಾಗಿರುತ್ತದೆ. ಚಕ್ರದ ಸರದಿ ಬಂದಾಗ ಮಾತ್ರ ಕೈಗೆ ಸಿಕ್ಕಿದ್ದನ್ನು ತೊಡಿಸಿರುತ್ತಾರೆ. ಗಾಡಿ ಅಪ್ಪನ ಚಪ್ಪಲಿ ಮೆಟ್ಟಿದ ಮಗುವಿನ ಹಾಗೆ ನಿಂತಿರುತ್ತದೆ. ಕಿಂಗ್ಸ್ ಸರ್ಕಲ್‌ನಲ್ಲಿ ಇಡ್ಲಿ ತಿಂದು ಜೀವಮಾನವಿಡೀ ಅದೇ ಟ್ಯಾಕ್ಸಿ ಹತ್ತಿದ ನಮ್ಮ ಹಿರಿಯರು ಇದನ್ನು ಕ್ಷಮಿಸುವುದಿಲ್ಲ. "ಇದೇನು ಮಾರಾಯರೇ, ಪದ್ಮಿನಿಗೆ ಜೀಪಿನ ಚಕ್ರವೇ?" ಎಂದು ಕೇಳಿಯೇ ಬಿಡುತ್ತಾರೆ.

ಚಕ್ರದ ಅಳತೆ ಕಣ್ಣಂದಾಜಿನ ಕೆಲಸವಲ್ಲ, ಲೆಕ್ಕದ ಕೆಲಸ. ಲೆಕ್ಕವೂ ಶಾಲೆಯದ್ದೇ. ಒಂದು ವರ್ನಿಯರ್ ಕ್ಯಾಲಿಪರ್, ಮೊಬೈಲಿನ ಕ್ಯಾಲ್ಕುಲೇಟರ್ ಮತ್ತು ಪೆನ್ಸಿಲ್ ಇದ್ದರೆ ಸಾಕು.

ಡಬ್ಬಿಯ ಮೇಲಿನ ಸ್ಕೇಲ್ ಬದಿಗಿಡಿ

ಮಾದರಿ ಕಾರುಗಳು 1:18, 1:24, 1:43, 1:64 ಎಂಬ ಸ್ಕೇಲ್‌ಗಳಲ್ಲಿ ಬರುತ್ತವೆ. 1:24 ಎಂದರೆ ನಿಜವಾದ ಕಾರಿನ 24 ಮಿ.ಮೀ. ಮಾದರಿಯಲ್ಲಿ 1 ಮಿ.ಮೀ. ಆಗುತ್ತದೆ. ಆದರೆ ಆಟಿಕೆಯ ಮೂಲದಿಂದ ಬಂದ ಕಾರುಗಳನ್ನು, ಅದರಲ್ಲೂ ಅಂಗೈಗಾತ್ರದವನ್ನು, ಎಷ್ಟೋ ಸಲ ಡಬ್ಬಿಯ ಗಾತ್ರಕ್ಕೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸಿರುತ್ತಾರೆ. ಲಾರಿ, ಕಾರು ಎರಡೂ ಒಂದೇ ಉದ್ದಕ್ಕೆ ಬಂದು ನಿಂತಿರುವುದು ಅದಕ್ಕೇ. ಆದ್ದರಿಂದ ಕಾರಿನ ಸ್ಕೇಲನ್ನು ಕಾರನ್ನೇ ಕೇಳಿ ತಿಳಿದುಕೊಳ್ಳಬೇಕು.

ಕೇಳುವ ವಿಧಾನ ಹೀಗೆ. ಮುಂದಿನ ಆಕ್ಸಲ್‌ನ ನಡುವಿನಿಂದ ಹಿಂದಿನ ಆಕ್ಸಲ್‌ನ ನಡುವಿನವರೆಗೆ ಕ್ಯಾಲಿಪರ್ ಹಿಡಿಯಿರಿ; ಇದೇ ವ್ಹೀಲ್‌ಬೇಸ್. ನಿಜವಾದ ಪದ್ಮಿನಿಯಲ್ಲಿ ಅದು 2340 ಮಿ.ಮೀ., ಅಂಬಾಸಿಡರ್‌ನಲ್ಲಿ 2464, ಮಾರುತಿ 800ರಲ್ಲಿ 2175. ಕ್ರಾಫರ್ಡ್ ಮಾರ್ಕೆಟ್‌ನಿಂದ ತಂದ ಆಟಿಕೆ ಅಂಬಾಸಿಡರ್‌ನ ವ್ಹೀಲ್‌ಬೇಸ್ 65 ಮಿ.ಮೀ. ಇದೆ ಎಂದುಕೊಳ್ಳಿ. 2464ನ್ನು 65ರಿಂದ ಭಾಗಿಸಿದರೆ ಸುಮಾರು 38 ಬರುತ್ತದೆ. ಡಬ್ಬಿ ಏನೇ ಹೇಳಲಿ, ಆ ಕಾರು 1:38. ಮುಂದಿನ ಎಲ್ಲ ಲೆಕ್ಕಕ್ಕೂ ಇದೇ ಸಂಖ್ಯೆ. ಅಗಲವನ್ನು ಅಳೆದಾಗ ಬೇರೆ ಸ್ಕೇಲ್ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಚಕ್ರವನ್ನು ನಾವು ನೋಡುವುದು ಪಕ್ಕದಿಂದ, ಹಾಗಾಗಿ ಉದ್ದದ ಮಾತೇ ನಡೆಯಲಿ.

ಬಿಡಿಭಾಗಗಳನ್ನು ನಾವೇ ಜೋಡಿಸುವ ಮಾದರಿಗಳಲ್ಲಿ, ಅಂದರೆ ಕಿಟ್‌ಗಳಲ್ಲಿ, 1:24ರ ಕಿಟ್‌ಗೆ 1:25ರ ಕಿಟ್‌ನ ಚಕ್ರ ಹಾಕುವ ಅಭ್ಯಾಸವೂ ಇದೆ. ಪದ್ಮಿನಿಯ ಗಾತ್ರದ ಟೈರಿನಲ್ಲಿ ಇದರಿಂದ ಒಂದು ಮಿಲಿಮೀಟರ್ ವ್ಯತ್ಯಾಸವಾಗುತ್ತದೆ. ಕೇಳಲು ಅಲ್ಪ, ಮಡ್‌ಗಾರ್ಡ್‌ನ ಕಮಾನಿನ ಕೆಳಗಿನ ಸಂದಿಯಲ್ಲಿ ನೋಡಿದರೆ ಅಲ್ಪವಲ್ಲ.

ಟೈರಿನ ಗೋಡೆ ಓದುವುದು

ಟೈರಿನ ಪಕ್ಕದಲ್ಲಿ ಉಬ್ಬಿದ ಅಕ್ಷರಗಳಲ್ಲಿ ಎಲ್ಲವೂ ಬರೆದಿರುತ್ತದೆ. ಮಾರುತಿ 800ರ ಟೈರು 145/70 ಆರ್12. ಮೊದಲ ಸಂಖ್ಯೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. ಎರಡನೆಯದು ಶೇಕಡಾವಾರು, ಪಕ್ಕದ ಗೋಡೆಯ ಎತ್ತರ ಅಗಲದ ಶೇ 70. ಕೊನೆಯದು ರಿಮ್ಮಿನ ವ್ಯಾಸ, ಇಂಚಿನಲ್ಲಿ; ಅದರ ಹಿಂದಿನ ಆರ್ ಎಂದರೆ ರೇಡಿಯಲ್, ಇಂದಿನ ಕಾರುಗಳ ಬಗೆಯ ಟೈರು. ಒಂದೇ ಸಾಲಿನಲ್ಲಿ ಮೂರು ಬಗೆಯ ಅಳತೆ! ಇದನ್ನು ಹೀಗೆ ಜೋಡಿಸಿದವರ ತಲೆಗೆ ನಮಸ್ಕಾರ ಹೇಳಿ ಮುಂದುವರಿಯೋಣ.

12 ಇಂಚನ್ನು 25.4ರಿಂದ ಗುಣಿಸಿದರೆ 304.8 ಮಿ.ಮೀ. ಗೋಡೆಯ ಎತ್ತರ 145ರ ಶೇ 70, ಅಂದರೆ 101.5. ಗೋಡೆ ಮೇಲೆಯೂ ಇದೆ, ಕೆಳಗೆಯೂ ಇದೆ, ಆದ್ದರಿಂದ ಎರಡು ಸಲ ಕೂಡಿಸಬೇಕು: 203. ಒಟ್ಟು ವ್ಯಾಸ ಸುಮಾರು 508 ಮಿ.ಮೀ. ಇದನ್ನು 24ರಿಂದ ಭಾಗಿಸಿದರೆ 21.2, 18ರಿಂದ ಭಾಗಿಸಿದರೆ 28.2, 43ರಿಂದಾದರೆ 11.8 ಮಿ.ಮೀ. ಮಾದರಿಯ ಟೈರಿಗೆ ಬೇಕಾದದ್ದು ಇಷ್ಟೇ.

ಪದ್ಮಿನಿಯ ವಿಷಯದಲ್ಲಿ ಸ್ವಲ್ಪ ತೊಡಕಿದೆ. ಅದರದ್ದು ರೇಡಿಯಲ್‌ಗಿಂತ ಹಿಂದಿನ ಕಾಲದ, ಒಳಗಿನ ದಾರದ ಪದರಗಳು ಒಂದರ ಮೇಲೊಂದು ಓರೆಯಾಗಿ ಹಾಯುವ ಕ್ರಾಸ್-ಪ್ಲೈ ಟೈರು, ಅಳತೆ 5.20-14. ಇಲ್ಲಿ ಅಗಲವೂ ಇಂಚಿನಲ್ಲೇ ಇದೆ, ಶೇಕಡಾವಾರು ಇಲ್ಲವೇ ಇಲ್ಲ. ಆ ಕಾಲದ ಟೈರುಗಳ ಗೋಡೆ ಹೆಚ್ಚುಕಡಿಮೆ ಅಗಲದಷ್ಟೇ ಎತ್ತರ. ಶೇ 95ರ ಆಸುಪಾಸು ಹಿಡಿದರೆ ಮೋಸವಿಲ್ಲ. ಹಾಗೆ ಲೆಕ್ಕ ಹಾಕಿದರೆ ಪದ್ಮಿನಿಯ ಟೈರಿನ ವ್ಯಾಸ ಸುಮಾರು 610 ಮಿ.ಮೀ., ಅಗಲ 132. ಅಂಬಾಸಿಡರ್‌ನ 5.90-15 ಇದೇ ಲೆಕ್ಕದಲ್ಲಿ ಸುಮಾರು 665 ಮಿ.ಮೀ. ಆಗುತ್ತದೆ. ರೇಡಿಯಲ್ ಆಗಿದ್ದೂ ನಡುವಿನ ಸಂಖ್ಯೆ ಇಲ್ಲದ ಹಳೆಯ ಟೈರುಗಳಿಗೆ, ಉದಾಹರಣೆಗೆ 155 ಆರ್13ಕ್ಕೆ, ಶೇ 82 ಹಿಡಿಯಿರಿ.

ಲೆಕ್ಕ ಸರಿಯಿದೆಯೇ ಎಂದು ತಾಳೆ ನೋಡಲು ಸುಲಭದ ದಾರಿಯಿದೆ. ಪದ್ಮಿನಿಯ ಟೈರು ಅದರ ವ್ಹೀಲ್‌ಬೇಸಿನ ಕಾಲು ಭಾಗಕ್ಕಿಂತ ತುಸು ಹೆಚ್ಚು. ಅದೇ ಅಳತೆಯ ನಾಲ್ಕು ಟೈರುಗಳನ್ನು ಒಂದಕ್ಕೊಂದು ತಾಗಿಸಿ ಸಾಲಾಗಿ ಇಟ್ಟರೆ, ಆ ಸಾಲು ಎರಡು ಆಕ್ಸಲ್‌ಗಳ ನಡುವಿನ ಅಂತರವನ್ನು ಸ್ವಲ್ಪ ಮೀರಬೇಕು. ಮಾರುತಿ 800ರಲ್ಲಿ ಅದೇ ಸಾಲು ಗಿಡ್ಡವಾಗುತ್ತದೆ.

ದಾದರ್ ಪಾರ್ಸಿ ಕಾಲೊನಿಯ ಓಣಿಯಲ್ಲೋ, ಹಳೆಯ ಕಾರುಗಳ ರ್‍ಯಾಲಿಯಲ್ಲೋ ನಿಜವಾದ ಗಾಡಿಯೇ ಸಿಕ್ಕಿತು ಎಂದುಕೊಳ್ಳಿ. ಮಾಲೀಕರ ಒಪ್ಪಿಗೆ ಪಡೆದು, ಟೈರಿನ ಮುಂದೊಂದು ಹಿಂದೊಂದು ಹಲಗೆಯನ್ನು ತಾಗಿಸಿ ನೆಟ್ಟಗೆ ನಿಲ್ಲಿಸಿ, ಹಲಗೆಗಳ ನಡುವಿನ ಅಂತರವನ್ನು ಟೇಪಿನಿಂದ ಅಳೆಯಿರಿ. ನೆಲದಿಂದ ಮೇಲಕ್ಕೆ ಅಳೆದರೆ ಗಾಡಿಯ ಭಾರಕ್ಕೆ ಟೈರು ತಗ್ಗಿರುವುದರಿಂದ ಅಳತೆ ಕಡಿಮೆ ಬರುತ್ತದೆ. ಫೋಟೊ ತೆಗೆಯುವುದಾದರೆ ದೂರ ನಿಂತು, ಜೂಮ್ ಮಾಡಿ, ಚಕ್ರದ ನಡುವಿನ ಎತ್ತರಕ್ಕೆ ಬಗ್ಗಿ, ನೇರ ಪಕ್ಕದಿಂದ ತೆಗೆಯಿರಿ. ಹತ್ತಿರದಿಂದ ತೆಗೆದ ಚಿತ್ರ ಸುಳ್ಳು ಹೇಳುತ್ತದೆ.

ಎಲ್ಲರೂ ಎಡವುವ ಜಾಗ

ಟೈರಿನ ವ್ಯಾಸ ಸರಿಯಿದ್ದೂ ಕಾರು ಬೇರೆಯದೇ ಕಾರಿನಂತೆ ಕಾಣುವುದುಂಟು. ಕಾರಣ ರಿಮ್. ಹದಿನಾಲ್ಕು ಇಂಚಿನ ರಿಮ್ ಎಂದರೆ ಟೈರು ಒಳಗೆ ಕೂರುವ ಜಾಗದ ಅಳತೆ. ಕಣ್ಣಿಗೆ ಕಾಣುವ ಲೋಹದ ಅಂಚು ಅಲ್ಲಿಂದ ಸುತ್ತಲೂ ಸುಮಾರು 17 ಮಿ.ಮೀ. ಮೇಲೆದ್ದಿರುತ್ತದೆ. ಹೀಗಾಗಿ ಪದ್ಮಿನಿಯಲ್ಲಿ ಕಾಣುವ ರಿಮ್ಮಿನ ವ್ಯಾಸ 356 ಅಲ್ಲ, ಸುಮಾರು 390 ಮಿ.ಮೀ. ಇದನ್ನು ಮರೆತು 356ನ್ನೇ ಭಾಗಿಸಿದವರ ಕಾರಿಗೆ ರಬ್ಬರ್ ಹೆಚ್ಚಾಗಿ ಟ್ರ್ಯಾಕ್ಟರ್ ಕಳೆ ಬರುತ್ತದೆ.

ಇದರ ಉಲ್ಟಾ ತಪ್ಪು ಇನ್ನೂ ಸಾಮಾನ್ಯ. ಹಳೆಯ ಕಾರಿಗೆ ಹೊಸ ಕಾಲದ ಅಲಾಯ್ ಚಕ್ರ ತೊಡಿಸುವುದು. ಅಂಬಾಸಿಡರ್‌ನಲ್ಲಿ ಕಾಣುವ ರಿಮ್ ಟೈರಿನ ವ್ಯಾಸದ ಶೇ 62ರಷ್ಟು. 225/40 ಆರ್18ರಂತಹ ಸ್ಪೋರ್ಟ್ಸ್ ಟೈರಿನಲ್ಲಿ ಅದು ಶೇ 77. ಎರಡೂ ಟೈರುಗಳ ಹೊರ ವ್ಯಾಸ ಹೆಚ್ಚುಕಡಿಮೆ ಒಂದೇ ಇದ್ದರೂ ಮುಖಲಕ್ಷಣವೇ ಬೇರೆ. ಹೊರ ವ್ಯಾಸ ಅರ್ಧ ಮಿಲಿಮೀಟರ್ ತಪ್ಪಿದರೆ ನಾನು ಸುಮ್ಮನಿರುತ್ತೇನೆ; ರಬ್ಬರ್-ರಿಮ್ ಅನುಪಾತ ತಪ್ಪಿದರೆ ಸುಮ್ಮನಿರಲಾರೆ.

ನಾಗದೇವಿ ಸ್ಟ್ರೀಟಿನ ಟೈರು

ಈಗ 1:43ರ ಪದ್ಮಿನಿಗೆ ಟೈರು ಹೊಂದಿಸೋಣ. 610ನ್ನು 43ರಿಂದ ಭಾಗಿಸಿದರೆ ವ್ಯಾಸ 14.2 ಮಿ.ಮೀ.; 132ನ್ನು ಭಾಗಿಸಿದರೆ ಅಗಲ 3.1. ಟೈರು ಕೂರುವ ಜಾಗ 8.3, ಕಾಣುವ ರಿಮ್ 9.1. ಇಂಥ ಟೈರನ್ನು ಆಟಿಕೆ ಅಂಗಡಿಯಲ್ಲಿ ಹುಡುಕಬೇಡಿ. ಕ್ರಾಫರ್ಡ್ ಮಾರ್ಕೆಟ್‌ನ ಆಚೆ ನಾಗದೇವಿ ಸ್ಟ್ರೀಟಿಗೆ ಹೋಗಿ ಓ-ರಿಂಗ್ ಕೇಳಿ. ನೀರು, ಎಣ್ಣೆ ಸೋರದಂತೆ ಪಂಪುಗಳಲ್ಲಿ ಹಾಕುವ ರಬ್ಬರ್ ಉಂಗುರ ಅದು. ಅಂಗಡಿಯವರು ಯಾವ ಪಂಪಿಗೆ ಎಂದು ಕೇಳಬಹುದು. ಪುರಾಣ ಬಿಚ್ಚುವ ಗೋಜಿಗೆ ಹೋಗದೆ ಒಳವ್ಯಾಸ 8, ದಪ್ಪ 3 ಎಂದು ಹೇಳಿ. ಎಂಟಕ್ಕೆ ಎರಡು ಬದಿಯ ಮೂರು ಮೂರು ಸೇರಿ 14. ಅದನ್ನು 8.3ರ ರಿಮ್ಮಿನ ಮೇಲೆ ಬಿಗಿಯಾಗಿ ಎಳೆದು ಕೂರಿಸಿದಾಗ 14.2ರ ಹತ್ತಿರ ಬರುತ್ತದೆ. ಹಾಗೆ ಕೂತ ಗಾಲಿಯನ್ನು ಡ್ರಿಲ್ಲಿಗೆ ಸಿಕ್ಕಿಸಿ ನಿಧಾನವಾಗಿ ತಿರುಗಿಸುತ್ತ, ಹೊರಮೈಗೆ ನಯವಾದ ಉಪ್ಪುಕಾಗದ ಮುಟ್ಟಿಸಿ. ದುಂಡಗಿನ ಮೈ ಸ್ವಲ್ಪ ಚಪ್ಪಟೆಯಾಗಿ ನೆಲಕ್ಕೆ ತಾಗುವ ಪಟ್ಟಿ ಮೂಡುತ್ತದೆ, ಹೊಸ ರಬ್ಬರಿನ ಹೊಳಪು ಹೋಗಿ ರಸ್ತೆಯ ಬೂದು ಬಣ್ಣ ಬರುತ್ತದೆ. ಹೆಚ್ಚು ಉಜ್ಜಿದರೆ ವ್ಯಾಸ ಕೈತಪ್ಪುತ್ತದೆ, ಮಧ್ಯೆ ಮಧ್ಯೆ ಕ್ಯಾಲಿಪರ್ ಹಿಡಿಯುತ್ತಿರಿ.

ಓ-ರಿಂಗ್‌ನ ಉಬ್ಬಿದ ಪಕ್ಕ ಹಳೆಯ ಕ್ರಾಸ್-ಪ್ಲೈ ಟೈರಿಗೆ ಹೇಳಿ ಮಾಡಿಸಿದಂತಿದೆ. ಚಪ್ಪಟೆ ಗೋಡೆಯ ಹೊಸ ಟೈರುಗಳಿಗೆ ಅದು ಒಗ್ಗುವುದಿಲ್ಲ. ಅಲ್ಲಿ ಕಿಟ್‌ನ ಟೈರೇ ಲೇಸು. ಕಿಟ್‌ಗಳ ಮೆದು ವಿನೈಲ್ ಟೈರಿನಲ್ಲಿ ಬೇರೊಂದು ಪೀಡೆಯಿದೆ. ಅದರೊಳಗಿನ ಮೆದುಕಾರಕ ದ್ರವ್ಯ ವರ್ಷಗಳು ಕಳೆದಂತೆ ಹೊರಬಂದು ಪ್ಲಾಸ್ಟಿಕ್ ರಿಮ್ಮನ್ನೂ ಬಣ್ಣವನ್ನೂ ಕರಗಿಸುತ್ತದೆ. ಟೈರು ಕೂರಿಸುವ ಮೊದಲು ರಿಮ್ಮಿಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್‌ನ ಒಂದು ಪಟ್ಟಿ ಸುತ್ತಿದರೆ ಈ ಕಾಟ ತಪ್ಪುತ್ತದೆ. ಫಾಯಿಲ್ ಎಷ್ಟು ತೆಳುವೆಂದರೆ ಅಳತೆಗೆ ಬಾಧಕವಿಲ್ಲ.

ಕೂರಿಸುವುದು

ಆಕ್ಸಲ್ ಕತ್ತರಿಸುವ ಮೊದಲು ಮುಂದಿನಿಂದ ತೆಗೆದ ಫೋಟೊ ನೋಡಿ. ಪದ್ಮಿನಿಯ ಟೈರು ಮಡ್‌ಗಾರ್ಡ್‌ನ ಅಂಚಿನಿಂದ ಒಳಗೆ ಸರಿದಿರುತ್ತದೆ. ಇಂದಿನ ಕಾರುಗಳಲ್ಲಿ ಬಹುತೇಕ ಅಂಚಿಗೆ ಸಮನಾಗಿರುತ್ತದೆ. ಹೊರಕ್ಕೆ ಬಂದ ಚಕ್ರ ಅಳತೆಯಲ್ಲಿ ಸರಿಯಿದ್ದರೂ ದೊಡ್ಡದಾಗಿ ಕಾಣುತ್ತದೆ.

ಬೇಕಾದ ಗಾತ್ರದ ಟೈರು ಸಿಗದೆ ಎರಡರ ನಡುವೆ ಆಯ್ಕೆ ಬಂದರೆ ಚಿಕ್ಕದನ್ನೇ ಆರಿಸಿ. ದೊಡ್ಡದು ಮಡ್‌ಗಾರ್ಡ್‌ಗೆ ತಾಗುತ್ತದೆ, ಗಾಡಿಯನ್ನೂ ಎತ್ತರಿಸುತ್ತದೆ. ಕೊನೆಗೆ ಕಾರನ್ನು ಸಮತಟ್ಟಾದ ಗಾಜಿನ ಮೇಲಿಟ್ಟು, ಪ್ರತಿ ಚಕ್ರದ ಕೆಳಗೂ ಕಾಗದದ ಚೂರು ತೂರಿಸಿ ನೋಡಿ. ಎಲ್ಲಿ ಕಾಗದ ಸಲೀಸಾಗಿ ಜಾರುತ್ತದೋ ಆ ಚಕ್ರ ನೆಲ ಮುಟ್ಟಿಲ್ಲ. ನಾಲ್ಕೂ ಕಡೆ ಕಾಗದ ಸಿಕ್ಕಿಹಾಕಿಕೊಂಡ ಮೇಲೆ ಆಕ್ಸಲ್‌ಗೆ ಅಂಟು ಹಾಕಿ, ಒಣಗುವವರೆಗೆ ಗಾಜಿನ ಮೇಲೆಯೇ ಬಿಡಿ.