ಹಳೆಯ ಲ್ಯಾಪ್‌ಟಾಪ್‌ನ ವೈಫೈ ಕಾರ್ಡಿಗೆ ಡ್ರೈವರ್ ಹೊಂದಿಸುವುದು ಹೇಗೆ?

ಬಾಗಲಕೋಟೆ, ಇಳಕಲ್, ಗುಳೇದಗುಡ್ಡದ ಎಷ್ಟೋ ಮನೆಗಳಲ್ಲಿ 2004ರಿಂದ 2008ರ ನಡುವೆ ಕೊಂಡ ಲ್ಯಾಪ್‌ಟಾಪ್‌ಗಳು ಇನ್ನೂ ಉಳಿದುಕೊಂಡಿವೆ. ಅಣ್ಣ ಓದು ಮುಗಿಸಿ ಬಿಟ್ಟುಹೋದದ್ದು ತಂಗಿಯ ಕೈಗೆ, ಕಚೇರಿಯವರು ಬದಲಾಯಿಸಿದ್ದು ನೇಕಾರರ ಮನೆಯ ಲೆಕ್ಕಪತ್ರಕ್ಕೆ, ಹೀಗೆ ಕೈ ದಾಟುತ್ತ ಬಂದಿವೆ. ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರಲ್ಲೇ ಬೆಂಬಲ ನಿಲ್ಲಿಸಿತು. ಅದರ ಬದಲು ಲಿನಕ್ಸ್ ಹಾಕಿದರೆ ಬರಹ, ಲೆಕ್ಕ, ಪಿಡಿಎಫ್ ಓದು ಎಲ್ಲವೂ ನಡೆಯುತ್ತವೆ. ವೈಫೈ ಮಾತ್ರ ಕಾಣಿಸುವುದಿಲ್ಲ. ಅಂಗಡಿಗೆ ಒಯ್ದರೆ, 'ಕಾರ್ಡ್ ಹೋಗಿದೆ ಸರ್, ಯುಎಸ್‌ಬಿ ಡಾಂಗಲ್ ಹಾಕಿಕೊಳ್ಳಿರಿ' ಎಂಬ ಉತ್ತರ ಸಿಗುತ್ತದೆ. ಬಹಳ ಸಲ ಈ ಉತ್ತರ ತಪ್ಪು. ಕಾರ್ಡಿಗೆ ಏನೂ ಆಗಿರುವುದಿಲ್ಲ, ಅದಕ್ಕೆ ಬೇಕಾದ ಫರ್ಮ್‌ವೇರ್, ಅಂದರೆ ಕಾರ್ಡಿನೊಳಗೇ ಓಡುವ ಸಣ್ಣ ತಂತ್ರಾಂಶ, ಸಿಕ್ಕಿರುವುದಿಲ್ಲ, ಅಷ್ಟೇ. ಚೆನ್ನಾಗಿರುವ ಕಾರ್ಡನ್ನು ಸತ್ತಿತೆಂದು ಬದಿಗಿಡುವುದು ಅನ್ಯಾಯ.

ಆ ಕಾಲದ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಸಿಗುವುದು ಇಂಟೆಲ್, ಅಥೆರೋಸ್ ಮತ್ತು ಬ್ರಾಡ್‌ಕಾಮ್ ಕಾರ್ಡ್‌ಗಳು. ಅಥೆರೋಸ್‌ನ ಹಳೆಯ ಕಾರ್ಡ್‌ಗಳಿಗೆ ಎಟಿಎಚ್5ಕೆ ಎಂಬ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇದೆ, ಪ್ರತ್ಯೇಕ ಫರ್ಮ್‌ವೇರ್ ಕಡತ ಬೇಕಿಲ್ಲ. ಇಂಟೆಲ್ 2200ಬಿಜಿ ಕಾರ್ಡಿಗೆ ಫರ್ಮ್‌ವೇರ್-ಐಪಿಡಬ್ಲ್ಯು2ಎಕ್ಸ್00 ಎಂಬ ಪ್ಯಾಕೇಜ್ ಹಾಕಿದರೆ ಮುಗಿಯಿತು. ಜನರನ್ನು ಸುಸ್ತುಮಾಡುವುದು ಬ್ರಾಡ್‌ಕಾಮ್. ಅದಕ್ಕೇ ಇಲ್ಲಿ ಅದನ್ನೇ ಎತ್ತಿಕೊಂಡಿದ್ದೇನೆ.

ಈ ಯಂತ್ರಗಳಲ್ಲಿ ಅನೇಕವು 32 ಬಿಟ್‌ನವು. ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್‌ನ 2025ರಲ್ಲಿ ಬಂದ 13ನೇ ಆವೃತ್ತಿಯಲ್ಲಿ 32 ಬಿಟ್ ಇನ್‌ಸ್ಟಾಲರ್ ಇಲ್ಲ. ಆದ್ದರಿಂದ ನೀವು ಡೆಬಿಯನ್ 12 ಹಾಕಿಕೊಂಡಿದ್ದೀರಿ ಎಂದು ಭಾವಿಸಿ ಮುಂದುವರಿಯುತ್ತೇನೆ. ಆದೇಶಗಳನ್ನು ಇಲ್ಲಿ ಓದುವಂತೆ ಕನ್ನಡದಲ್ಲಿ ಅಚ್ಚಿಸಲಾಗಿದೆ. ಟರ್ಮಿನಲ್‌ನಲ್ಲಿ (ಆದೇಶ ಬರೆಯುವ ಕಿಟಕಿಯಲ್ಲಿ) ಅವನ್ನು ಇಂಗ್ಲಿಷ್‌ನ ಸಣ್ಣಕ್ಷರಗಳಲ್ಲಿ, ಹೈಫನ್ ಇರುವಲ್ಲಿ ಹೈಫನ್ ಸಹಿತ ಬರೆಯಬೇಕು.

ಮೊದಲು ಗುರುತಿನ ಸಂಖ್ಯೆ

ಲ್ಯಾಪ್‌ಟಾಪ್‌ನ ಮುಚ್ಚಳದ ಮೇಲಿರುವ ಕಂಪನಿಯ ಹೆಸರು ಈ ಕೆಲಸಕ್ಕೆ ಉಪಯೋಗಕ್ಕೆ ಬಾರದು. ಒಂದೇ ಮಾದರಿಯ ಎರಡು ಲ್ಯಾಪ್‌ಟಾಪ್‌ಗಳ ಒಳಗೆ ಬೇರೆ ಬೇರೆ ಕಾರ್ಡ್ ಇರಬಹುದು. ನಂಬಬೇಕಾದದ್ದು ಕಾರ್ಡಿನ ಗುರುತಿನ ಸಂಖ್ಯೆಯನ್ನು ಮಾತ್ರ. ಟರ್ಮಿನಲ್ ತೆರೆದು ಎಲ್‌ಎಸ್‌ಪಿಸಿಐ ಎಂದು ಬರೆಯಿರಿ, ಒಂದು ಜಾಗ ಬಿಟ್ಟು ಹೈಫನ್ ಹಾಕಿ ಎನ್‌ಎನ್‌ಕೆ ಎಂದು ಸೇರಿಸಿ ಎಂಟರ್ ಒತ್ತಿ. ಉದ್ದನೆಯ ಪಟ್ಟಿಯಲ್ಲಿ 'ನೆಟ್‌ವರ್ಕ್ ಕಂಟ್ರೋಲರ್' ಎಂದಿರುವ ಸಾಲನ್ನು ಹುಡುಕಿ. ಅದರ ಕೊನೆಯಲ್ಲಿ ಚೌಕ ಆವರಣದೊಳಗೆ 14ಇ4:4318 ಎಂಬಂತಹ ಜೋಡಿ ಇರುತ್ತದೆ. 14ಇ4 ಎಂದರೆ ಬ್ರಾಡ್‌ಕಾಮ್, ಅದರ ಮುಂದಿನದು ಚಿಪ್. ಈ ಜೋಡಿಯನ್ನೂ ಪಕ್ಕದಲ್ಲಿರುವ 'ರೆವ್' ಸಂಖ್ಯೆಯನ್ನೂ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಇನ್ನು ಚಿಪ್‌ಗೆ ತಕ್ಕ ಡ್ರೈವರ್ ಯಾವುದೆಂದು ನೋಡೋಣ. 4318, 4319, 4311, 4312, 4315 ಕಂಡರೆ ಬಿ43 ಎಂಬ ಡ್ರೈವರ್. 4301 ಕಂಡರೆ ಬಿ43ಲೆಗಸಿ. ಗೊಂದಲ ಹುಟ್ಟುವುದು 4320ರಲ್ಲಿ. ಇದೇ ಸಂಖ್ಯೆ ಎರಡು ಪೀಳಿಗೆಯ ಕಾರ್ಡ್‌ಗಳಿಗೂ ಇದೆ. ರೆವ್ 02 ಆಗಿದ್ದರೆ ಲೆಗಸಿ, 03 ಆಗಿದ್ದರೆ ಬಿ43. ಒಂದರ ಫರ್ಮ್‌ವೇರ್ ಇನ್ನೊಂದಕ್ಕೆ ಆಗುವುದಿಲ್ಲ. ಬಿ43 ಕೇಳುವುದು ನಾಲ್ಕನೇ ಆವೃತ್ತಿಯನ್ನು, ಲೆಗಸಿ ಕೇಳುವುದು ಮೂರನೆಯದನ್ನು. ಅಂಗಡಿಯಲ್ಲಿ ಸೋತು ಬಂದ ಕಾರ್ಡ್‌ಗಳಿಗೆ ಬಹುತೇಕ ಈ ಒಂದು ವ್ಯತ್ಯಾಸ ನೋಡದೆ ಅಂದಾಜಿನಲ್ಲಿ ಏನೋ ಹಾಕಿರುತ್ತಾರೆ. 4727 ಎಂದಿದ್ದರೆ ಅದು ಮುಂದಿನ ಪೀಳಿಗೆಯ ಕಾರ್ಡ್. ಅದಕ್ಕೆ ಫರ್ಮ್‌ವೇರ್-ಬಿಆರ್‌ಸಿಎಂ80211 ಪ್ಯಾಕೇಜ್ ಹಾಕಿ ಈ ಲೇಖನವನ್ನು ಇಲ್ಲಿಗೇ ಬಿಡಬಹುದು.

ಅದೇ ಪಟ್ಟಿಯಲ್ಲಿ 'ಬಳಕೆಯಲ್ಲಿರುವ ಡ್ರೈವರ್: ಬಿ43-ಪಿಸಿಐ-ಬ್ರಿಡ್ಜ್' ಎಂಬ ಅರ್ಥದ ಸಾಲು ಕಂಡರೆ ಎಲ್ಲ ಸರಿಯಾಗಿದೆ ಎಂದುಕೊಳ್ಳಬೇಡಿ. ಅದು ಕಾರ್ಡಿಗೂ ಕರ್ನಲ್‌ಗೂ ನಡುವಿನ ಸೇತುವೆ ಮಾತ್ರ. ಲೆಗಸಿ ಕಾರ್ಡಿಗೂ ಅದೇ ಸಾಲು ಬರುತ್ತದೆ.

ಫರ್ಮ್‌ವೇರ್ ಡಿಸ್ಕ್‌ನಲ್ಲೇ ಏಕಿಲ್ಲ?

ಬ್ರಾಡ್‌ಕಾಮ್ ಈ ಚಿಪ್‌ಗಳ ಒಳವಿವರವನ್ನು ಲಿನಕ್ಸ್‌ನವರಿಗೆ ಕೊಡಲಿಲ್ಲ. ಸ್ವಯಂಸೇವಕರ ಒಂದು ತಂಡ ಕಂಪನಿಯ ಡ್ರೈವರನ್ನು ಬಿಡಿಸಿ ನೋಡಿ ಕಾರ್ಡ್ ಹೇಗೆ ನಡೆಯುತ್ತದೆ ಎಂಬ ವಿವರಣೆಯನ್ನು ಬರೆಯಿತು. ಇನ್ನೊಂದು ತಂಡ ಮೂಲವನ್ನು ಮುಟ್ಟದೆ ಆ ವಿವರಣೆಯನ್ನಷ್ಟೇ ಓದಿ ಡ್ರೈವರ್ ಬರೆಯಿತು. ಕಾನೂನಿನ ತೊಡಕು ಬಾರದಿರಲೆಂದು ಈ ಎರಡು ಗುಂಪು. ಅವರ ಕೆಲಸ 2006ರಲ್ಲಿ 2.6.17 ಕರ್ನಲ್‌ಗೆ ಸೇರಿತು. ಈಗಿನ ಬಿ43, ಬಿ43ಲೆಗಸಿ ಬಂದದ್ದು 2008ರ ಜನವರಿಯ 2.6.24ರಲ್ಲಿ. ಇಷ್ಟು ತಾಳ್ಮೆಯಿಂದ ಮಾಡಿದ ಕೆಲಸದ ಫಲ ನಮ್ಮ ಊರಿನ ಹಳೆಯ ಲ್ಯಾಪ್‌ಟಾಪ್‌ಗೆ ಇವತ್ತಿಗೂ ಸಿಗುತ್ತಿದೆ ಎಂಬುದು ನನಗೆ ದೊಡ್ಡ ಸಂಗತಿ.

ಆದರೆ ಕಾರ್ಡಿನೊಳಗೆ ಓಡುವ ಫರ್ಮ್‌ವೇರ್ ಇನ್ನೂ ಕಂಪನಿಯದೇ. ಜಕಾರ್ಡ್ ಮಗ್ಗಕ್ಕೆ ರಂಧ್ರ ಕೊರೆದ ರಟ್ಟುಗಳನ್ನು ಏರಿಸದಿದ್ದರೆ ಬಟ್ಟೆಯಲ್ಲಿ ಹೂವು ಮೂಡುವುದಿಲ್ಲವಲ್ಲ, ಫರ್ಮ್‌ವೇರ್ ಇಲ್ಲದ ಕಾರ್ಡ್ ಹಾಗೆ. ಅದನ್ನು ಹಂಚಲು ಅನುಮತಿ ಇಲ್ಲದ್ದರಿಂದ ಡೆಬಿಯನ್ ಅದನ್ನು ಡಿಸ್ಕ್‌ನಲ್ಲಿ ಇಡುವಂತಿಲ್ಲ. ಬದಲಿಗೆ ಒಂದು ಸಣ್ಣ ಪ್ಯಾಕೇಜ್ ಕೊಟ್ಟಿದೆ. ಅದು ಕಂಪನಿಯ ಹಳೆಯ ಡ್ರೈವರನ್ನು ಇಂಟರ್‌ನೆಟ್‌ನಿಂದ ಇಳಿಸಿಕೊಂಡು, ಬಿ43-ಎಫ್‌ಡಬ್ಲ್ಯುಕಟರ್ ಎಂಬ ಸಲಕರಣೆಯಿಂದ ಫರ್ಮ್‌ವೇರ್ ಭಾಗವನ್ನಷ್ಟೇ ಕತ್ತರಿಸಿ ತೆಗೆಯುತ್ತದೆ.

ಇಂಟರ್‌ನೆಟ್ ಬೇಕು, ಅದೂ ವೈಫೈ ಇಲ್ಲದೆ

ರೂಟರ್‌ನಿಂದ ಲ್ಯಾನ್ ಕೇಬಲ್ ಎಳೆಯುವುದಾದರೆ ಅದೇ ಸುಲಭ. ಇಲ್ಲವಾದರೆ ಆಂಡ್ರಾಯ್ಡ್ ಮೊಬೈಲನ್ನು ಚಾರ್ಜಿಂಗ್ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಜೋಡಿಸಿ, ಮೊಬೈಲ್‌ನ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಒತ್ತಿ. ಬರೀ ಚಾರ್ಜ್ ಮಾಡುವ ಅಗ್ಗದ ಕೇಬಲ್ ಇದಕ್ಕೆ ಆಗುವುದಿಲ್ಲ, ಡೇಟಾ ಹೋಗುವ ಕೇಬಲ್ ಬೇಕು.

ಜೋಡಿಸಿದ ಕೂಡಲೇ ಪರದೆಯ ಮೂಲೆಯ ಗಡಿಯಾರ ನೋಡಿ. ಇಷ್ಟು ಹಳೆಯ ಯಂತ್ರದಲ್ಲಿ ಒಳಗಿನ ಬಿಲ್ಲೆ ಸೆಲ್ ಸತ್ತು ದಿನಾಂಕ ಹಿಂದಿನ ಯಾವುದೋ ವರ್ಷಕ್ಕೆ ಹೋಗಿರುತ್ತದೆ. ದಿನಾಂಕ ತಪ್ಪಿದ್ದರೆ ಪ್ಯಾಕೇಜ್ ಪಟ್ಟಿ ಇನ್ನೂ ಚಾಲ್ತಿಗೆ ಬಂದಿಲ್ಲವೆಂದು ಹೇಳಿ, ಪ್ಯಾಕೇಜ್ ಹಾಕುವ ಸಲಕರಣೆಯಾದ ಆಪ್ಟ್ ಕೆಲಸ ಮಾಡಲು ಒಪ್ಪುವುದಿಲ್ಲ. ಮೊದಲು ದಿನಾಂಕ ಸರಿಮಾಡಿ.

ಈಗ ಮೂಲ ವ್ಯವಸ್ಥೆಯ 'ಇಟಿಸಿ' ಫೋಲ್ಡರಿನೊಳಗಿನ 'ಆಪ್ಟ್'ನಲ್ಲಿ ಸೋರ್ಸಸ್.ಲಿಸ್ಟ್ ಎಂಬ ಕಡತವನ್ನು ಅಡ್ಮಿನ್ ಹಕ್ಕಿನಿಂದ ತೆರೆಯಿರಿ. 'ಮೇನ್' ಎಂಬ ಪದವಿರುವ ಪ್ರತಿ ಸಾಲಿನ ಕೊನೆಗೆ ಒಂದು ಜಾಗ ಬಿಟ್ಟು 'ಕಾಂಟ್ರಿಬ್' ಎಂದು ಸೇರಿಸಿ ಉಳಿಸಿ. ನಮಗೆ ಬೇಕಾದ ಪ್ಯಾಕೇಜ್ ಇರುವುದು ಆ ವಿಭಾಗದಲ್ಲಿ. ನಂತರ 'ಸುಡೊ ಆಪ್ಟ್ ಅಪ್‌ಡೇಟ್', ಅದು ಮುಗಿದ ಮೇಲೆ 'ಸುಡೊ ಆಪ್ಟ್ ಇನ್‌ಸ್ಟಾಲ್ ಫರ್ಮ್‌ವೇರ್-ಬಿ43-ಇನ್‌ಸ್ಟಾಲರ್'. ಲೆಗಸಿ ಕಾರ್ಡಾದರೆ ಕೊನೆಯ ಪದ 'ಫರ್ಮ್‌ವೇರ್-ಬಿ43ಲೆಗಸಿ-ಇನ್‌ಸ್ಟಾಲರ್' ಆಗಬೇಕು. ಮುಗಿದ ಮೇಲೆ ಲ್ಯಾಪ್‌ಟಾಪನ್ನು ರೀಸ್ಟಾರ್ಟ್ ಮಾಡಿ.

ಬಂತೇ, ಇಲ್ಲವೇ?

'ಸುಡೊ ಡಿಎಂಇಎಸ್‌ಜಿ' ಎಂದು ಬರೆದು ಬಿ43 ಎಂಬ ಅಕ್ಷರಗಳಿರುವ ಸಾಲುಗಳನ್ನು ಓದಿ. ಯುಕೋಡ್5 ಎಂಬಂತಹ ಕಡತ ಸಿಗಲಿಲ್ಲ ಎಂಬ ದೂರು ಇದ್ದರೆ ಫರ್ಮ್‌ವೇರ್ ಇಳಿದಿಲ್ಲ ಎಂದರ್ಥ. ನೆಟ್ ನಡುವೆ ಕಡಿದುಹೋಗಿರಬಹುದು, ಪ್ಯಾಕೇಜನ್ನು ಮತ್ತೊಮ್ಮೆ ಹಾಕಿ.

ದೂರೂ ಇಲ್ಲ, ವೈಫೈಯೂ ಇಲ್ಲ ಎಂದಾದರೆ 'ಸುಡೊ ಆರ್‌ಎಫ್‌ಕಿಲ್' ನೋಡಬೇಕು. ಅದರಲ್ಲಿ ಎರಡು ಬಗೆಯ ತಡೆ ಇದೆ. ಸಾಫ್ಟ್ ತಡೆಯನ್ನು 'ಸುಡೊ ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ' ಎಂದು ಬಿಡಿಸಬಹುದು. ಹಾರ್ಡ್ ತಡೆಗೆ ಯಾವ ಆದೇಶವೂ ನಾಟುವುದಿಲ್ಲ. ಲ್ಯಾಪ್‌ಟಾಪ್‌ನ ಮುಂಬದಿಯಲ್ಲೋ ಪಕ್ಕದಲ್ಲೋ ಆಂಟೆನಾ ಚಿತ್ರವಿರುವ ಸಣ್ಣ ಜಾರುಗುಂಡಿ ಇರುತ್ತದೆ, ಅದನ್ನು ಸರಿಸಬೇಕು. ಕೆಲವು ಮಾದರಿಗಳಲ್ಲಿ ಎಫ್‌ಎನ್ ಕೀಲಿಯ ಜತೆ ಇನ್ನೊಂದನ್ನು ಒತ್ತಬೇಕು. ಕಾರ್ಡ್ ಬಿಚ್ಚುವ ಮೊದಲು ಈ ಗುಂಡಿಯನ್ನು ದಯವಿಟ್ಟು ನೋಡಿ.

ಹಿಂದೆ ಯಾರಾದರೂ ಬ್ರಾಡ್‌ಕಾಮ್‌ನದೇ ಡಬ್ಲ್ಯುಎಲ್ ಎಂಬ ಡ್ರೈವರ್ ಹಾಕಿ ಬಿಟ್ಟಿದ್ದರೆ ಅದು ಬಿ43ಯನ್ನು ಕಪ್ಪುಪಟ್ಟಿಗೆ ಸೇರಿಸಿರುತ್ತದೆ. 4318, 4320 ಚಿಪ್‌ಗಳನ್ನು ಡಬ್ಲ್ಯುಎಲ್ ನಡೆಸುವುದೇ ಇಲ್ಲ. 'ಸುಡೊ ಆಪ್ಟ್ ಪರ್ಜ್ ಬ್ರಾಡ್‌ಕಾಮ್-ಎಸ್‌ಟಿಎ-ಡಿಕೆಎಂಎಸ್' ಎಂದು ಅದನ್ನು ಬೇರುಸಹಿತ ತೆಗೆದು ರೀಸ್ಟಾರ್ಟ್ ಮಾಡಿ. ಬರೀ ರಿಮೂವ್ ಎಂದರೆ ಕಪ್ಪುಪಟ್ಟಿಯ ಕಡತ ಹಾಗೇ ಉಳಿಯುತ್ತದೆ.

ಎಲ್‌ಎಸ್‌ಪಿಸಿಐ ಪಟ್ಟಿಯಲ್ಲಿ ಕಾರ್ಡೇ ಇಲ್ಲದಿದ್ದರೆ ಮಾತ್ರ ಸ್ಕ್ರೂಡ್ರೈವರ್ ಹಿಡಿಯಿರಿ. ಚಾರ್ಜರ್, ಬ್ಯಾಟರಿ ಎರಡನ್ನೂ ತೆಗೆದು ಕೆಳಗಿನ ಮುಚ್ಚಳ ಬಿಚ್ಚಿ, ಕಾರ್ಡನ್ನು ಎತ್ತಿ, ಚಿನ್ನದ ಬಣ್ಣದ ತುದಿಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸಿ. ಎರಡು ತೆಳ್ಳನೆಯ ಆಂಟೆನಾ ತಂತಿಗಳು ಮೊದಲಿನ ಜಾಗಕ್ಕೇ ಕೂಡಬೇಕು.

ರೂಟರ್ ಕಡೆಯ ಕೆಲಸ

ಈ ಕಾರ್ಡ್‌ಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ಮಾತ್ರ ಕೇಳುತ್ತವೆ. ರೂಟರ್ ಅಥವಾ ಮೊಬೈಲ್ ಹಾಟ್‌ಸ್ಪಾಟ್ 5 ಗಿಗಾಹರ್ಟ್ಸ್‌ನಲ್ಲಿದ್ದರೆ ಅದರ ಹೆಸರೇ ಪಟ್ಟಿಗೆ ಬರುವುದಿಲ್ಲ. ಚಾನೆಲ್ 12 ಅಥವಾ 13ರಲ್ಲಿದ್ದರೂ ಬಾರದಿರಬಹುದು, 1, 6, 11ರಲ್ಲಿ ಒಂದನ್ನು ಇಡಿ. ಭದ್ರತೆಯ ಜಾಗದಲ್ಲಿ ಡಬ್ಲ್ಯುಪಿಎ2 ಆರಿಸಿ. ಕಾರ್ಡ್ ಹಳೆಯದೆಂದು ಡಬ್ಲ್ಯುಇಪಿಗೆ ಇಳಿಯಬೇಡಿ. ಅದರ ಬೀಗ 2001ರಲ್ಲೇ ಒಡೆದಿದೆ.

ಹಳೆಯ ಬಾಗಲಕೋಟೆಯ ಕಲ್ಲುಗೋಡೆಯ ಮನೆಗಳಲ್ಲಿ ಪಡಸಾಲೆಯ ರೂಟರ್ ಒಳಕೋಣೆಗೆ ತಲುಪುವುದು ಕಷ್ಟ. ಮೊದಲ ಪರೀಕ್ಷೆಯನ್ನು ರೂಟರ್ ಇರುವ ಕೋಣೆಯಲ್ಲೇ ಮಾಡಿ. ಅಲ್ಲೂ ಸಂಪರ್ಕ ಪದೇ ಪದೇ ಕಡಿದರೆ, 'ಇಟಿಸಿ' ಒಳಗಿನ 'ಮಾಡ್‌ಪ್ರೋಬ್.ಡಿ' ಫೋಲ್ಡರಿನಲ್ಲಿ ಬಿ43.ಕಾನ್ಫ್ ಎಂಬ ಕಡತ ಮಾಡಿ 'ಆಪ್ಷನ್ಸ್ ಬಿ43 ಕ್ಯೂಒಎಸ್=0' ಎಂಬ ಒಂದೇ ಸಾಲು ಬರೆದು ರೀಸ್ಟಾರ್ಟ್ ಮಾಡಿ. 4315 ಚಿಪ್‌ನಲ್ಲಿ ಡಿಎಂಎ ದೋಷವೆಂದು ಡಿಎಂಇಎಸ್‌ಜಿ ಹೇಳುತ್ತಿದ್ದರೆ ಆ ಸಾಲಿನಲ್ಲಿ ಕ್ಯೂಒಎಸ್=0 ಬದಲು 'ಪಿಐಒ=1' ಇಡಿ. ವೇಗ ಸ್ವಲ್ಪ ಇಳಿಯುತ್ತದೆ, ಸಂಪರ್ಕ ನಿಲ್ಲುತ್ತದೆ ಎಂಬ ಭಯ ಇರುವುದಿಲ್ಲ.

ವೈಫೈ ಬಂದ ದಿನವೇ 'ಲಿಬ್' ಒಳಗಿನ 'ಫರ್ಮ್‌ವೇರ್'ನಲ್ಲಿರುವ ಬಿ43 ಅಥವಾ ಬಿ43ಲೆಗಸಿ ಫೋಲ್ಡರನ್ನು ಪೆನ್‌ಡ್ರೈವ್‌ಗೆ ನಕಲಿಸಿ ಇಟ್ಟುಕೊಳ್ಳಿ. ಮುಂದೆ ಡೆಬಿಯನ್ ಹೊಸದಾಗಿ ಹಾಕಬೇಕಾದಾಗ ಆ ಫೋಲ್ಡರನ್ನು ಅದೇ ಜಾಗಕ್ಕೆ ಅಡ್ಮಿನ್ ಹಕ್ಕಿನಿಂದ ಹಾಕಿ ರೀಸ್ಟಾರ್ಟ್ ಮಾಡಿದರೆ ಕೇಬಲ್ಲೂ ಬೇಡ, ಮೊಬೈಲೂ ಬೇಡ.